ಕಂಡರಿಯದ ಮಗಳಿಗಾಗಿ ಕಣ್ಣೀರು

2018ರ ಡಿಸೆಂಬರ್ 7ರಂದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಇಂಗ್ಲೆಂಡಿನ ಒಬ್ಬ ತಂದೆ ಪತ್ರಕರ್ತರ ಮುಂದೆ ಬಂದರು. ಮಗಳು ಗ್ರೇಸ್ ಮಿಲೇನ್ ಡಿಸೆಂಬರ್ 1ರಿಂದ ಸಂಪರ್ಕಕ್ಕೆ ಸಿಕ್ಕಿಲ್ಲ, ಆಕೆಯನ್ನು ಕಂಡವರು, ಮಾತಾಡಿಸಿದವರು ಯಾರಾದರೂ ಇದ್ದರೆ ಪೊಲೀಸರಿಗೆ ತಿಳಿಸಿ ಎಂದು ಬೇಡಿಕೊಂಡರು. ಹೋದಲ್ಲೆಲ್ಲ ರಾಶಿ ರಾಶಿ ಫೋಟೊ, ಮೆಸೇಜು ಕಳಿಸುತ್ತಿದ್ದ ಹುಡುಗಿ ಅವಳು, ಇಷ್ಟು ದಿನ ಸುಮ್ಮನಿರುವವಳೇ ಅಲ್ಲ ಎನ್ನುವಾಗ ಅವರ ದನಿ ತಡವರಿಸಿತು. ಟೀವಿಯಲ್ಲಿ ಅದನ್ನು ನೋಡಿದವರಲ್ಲಿ ಗ್ರೇಸ್‌ಳ ಮುಖಪರಿಚಯ ಇದ್ದವರು ಬೆರಳೆಣಿಕೆಯಷ್ಟು ಮಂದಿ ಇದ್ದರೇನೋ. ಕಾಣೆಯಾದಾಗ ಆಕೆ ಆ ದೇಶಕ್ಕೆ ಕಾಲಿಟ್ಟು ಎರಡು ವಾರವೂ ಆಗಿರಲಿಲ್ಲ.

ಗ್ರೇಸ್ ಎಸ್ಸೆಕ್ಸ್‌ನ ವಿಕ್ಫರ್ಡ್ ಊರಿನವಳು. ಲಿಂಕನ್ ವಿಶ್ವವಿದ್ಯಾಲಯದಲ್ಲಿ ಜಾಹೀರಾತು ಮತ್ತು ಮಾರ್ಕೆಟಿಂಗ್ ಓದಿ ಪದವಿ ಪಡೆದು, ಬೆನ್ನಿಗೊಂದು ಬ್ಯಾಗ್ ಏರಿಸಿ ಲೋಕ ನೋಡಲು ಹೊರಟಿದ್ದಳು. ಮೊದಲು ದಕ್ಷಿಣ ಅಮೆರಿಕ, ಆಮೇಲೆ ನ್ಯೂಜಿಲೆಂಡ್. ಡಿಸೆಂಬರ್ 2 ಆಕೆಯ 22ನೇ ಹುಟ್ಟುಹಬ್ಬ. ಮನೆಯವರು ಕಳಿಸಿದ ಶುಭಾಶಯಗಳಿಗೆ ಉತ್ತರ ಬರಲಿಲ್ಲ. ಗಾಬರಿ ಶುರುವಾದದ್ದೇ ಅಲ್ಲಿಂದ. ಹಿಂದಿನ ರಾತ್ರಿ 9.41ಕ್ಕೆ ಆಕ್ಲೆಂಡಿನ ಹೋಟೆಲೊಂದರ ಸಿಸಿಟಿವಿಯಲ್ಲಿ ಆಕೆ ಕೊನೆಯ ಬಾರಿ ಕಾಣಿಸಿಕೊಂಡಿದ್ದಳು. ಜತೆಗಿದ್ದವನು ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಒಬ್ಬ ಯುವಕ.

ತಂದೆ ಬಂದಿಳಿದ ಎರಡೇ ದಿನಕ್ಕೆ, ಡಿಸೆಂಬರ್ 9ರ ಭಾನುವಾರ, ನಗರದ ಪಶ್ಚಿಮಕ್ಕಿರುವ ವೈಟಾಕೆರೆ ಬೆಟ್ಟಸಾಲಿನಲ್ಲಿ, ಸೀನಿಕ್ ಡ್ರೈವ್ ಎಂಬ ರಸ್ತೆಯಿಂದ ಕೆಲವೇ ಮೀಟರ್ ಒಳಗೆ, ಪೊಲೀಸರಿಗೆ ಆಕೆಯ ದೇಹ ಸಿಕ್ಕಿತು.

ಆಮೇಲೆ ಆ ದೇಶದಲ್ಲಿ ಆದದ್ದನ್ನು ಅಪರಾಧ ವರದಿಯೆಂದಷ್ಟೇ ಓದಿ ಮುಗಿಸಲಾಗದು. ಮರುದಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ತುಂಬಿ ಬಂದ ಕಣ್ಣುಗಳಲ್ಲೇ ಮಾತಾಡಿದರು. ನಿಮ್ಮ ಮಗಳು ಇಲ್ಲಿ ಸುರಕ್ಷಿತವಾಗಿ ಇರಬೇಕಿತ್ತು, ಇರಲಾಗಲಿಲ್ಲ, ಅದಕ್ಕಾಗಿ ಕ್ಷಮೆ ಕೇಳುತ್ತೇನೆ ಎಂದು ದೇಶದ ಪರವಾಗಿ ಆ ಕುಟುಂಬಕ್ಕೆ ಹೇಳಿದರು. ಡಿಸೆಂಬರ್ 12ರಂದು ಆಕ್ಲೆಂಡ್, ವೆಲ್ಲಿಂಗ್ಟನ್, ಕ್ರೈಸ್ಟ್‌ಚರ್ಚ್ ಸೇರಿದಂತೆ ಊರೂರುಗಳಲ್ಲಿ ಜನ ಮೇಣದಬತ್ತಿ ಹಿಡಿದು ಸೇರಿದರು. ಬೆಟ್ಟದ ದಾರಿಯಲ್ಲಿ ಹೂಗುಚ್ಛಗಳು ಬಂದು ಬಿದ್ದವು. ದೇಹ ಸಿಕ್ಕ ಜಾಗದಲ್ಲಿ ಮಾವೋರಿ ಪದ್ಧತಿಯಂತೆ ಪ್ರಾರ್ಥನೆ ನಡೆಯಿತು. ಆ ನೆಲದ ಮೂಲನಿವಾಸಿಗಳ ಮಂತ್ರ, ಮಗಳನ್ನು ಕಳೆದುಕೊಂಡ ಆಂಗ್ಲ ತಂದೆಯ ಮೌನ, ಎರಡೂ ಒಂದೇ ಜಾಗದಲ್ಲಿ ಸೇರಿದ್ದವು.

ಕಂಡಿಲ್ಲದ, ಕೇಳಿಲ್ಲದ ಒಬ್ಬ ಹುಡುಗಿಗಾಗಿ ಇಷ್ಟು ಜನ ಯಾಕೆ ಅತ್ತರು?

ಹುಡುಕಾಟದ ಆ ದಿನಗಳಲ್ಲೇ ಇದಕ್ಕೆ ಅರ್ಧ ಉತ್ತರ ಇದೆ. ಸಾವಿನ ಸುದ್ದಿ ಒಮ್ಮೆಗೇ ಬಂದರೆ ಓದುಗ ಅಯ್ಯೋ ಪಾಪ ಎಂದು ಮುಂದಿನ ಪುಟಕ್ಕೆ ಹೋಗುತ್ತಾನೆ. ಕಾಣೆಯಾದ ಸುದ್ದಿ ಹಾಗಲ್ಲ, ಅದು ಓದುಗನಿಗೆ ಒಂದು ಕೆಲಸ ಹಚ್ಚುತ್ತದೆ. ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಪೊಲೀಸರು ಕೊಡುವ ಪ್ರಕಟಣೆಗಳನ್ನೇ ನೋಡಿ: ಐದಡಿ ಎರಡಂಗುಲ ಎತ್ತರ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೊರಡುವಾಗ ಹಸಿರು ಚೂಡಿದಾರ್ ಧರಿಸಿದ್ದರು, ಕನ್ನಡ ಮತ್ತು ತೆಲುಗು ಮಾತಾಡುತ್ತಾರೆ, ಸುಳಿವು ಸಿಕ್ಕವರು ಈ ಠಾಣೆಗೆ ತಿಳಿಸಬೇಕು. ಅಲ್ಲಿ ಭಾವನೆಯ ಮಾತು ಒಂದೂ ಇಲ್ಲ. ಆದರೂ ಅದನ್ನು ಓದಿದವನು ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಹಸಿರು ಚೂಡಿದಾರ್ ಕಂಡರೆ ಒಂದು ಕ್ಷಣ ತಿರುಗಿ ನೋಡುತ್ತಾನೆ. ಹಾಗೆ ತಿರುಗಿ ನೋಡಿದ ಮೇಲೆ ಆ ಹುಡುಗಿ ಅವನಿಗೆ ಪೂರ್ತಿ ಅಪರಿಚಿತಳಲ್ಲ. ಫೋಟೊ ಫಾರ್ವರ್ಡ್ ಮಾಡಿದವರು, ತಮ್ಮ ಹಿತ್ತಲನ್ನೊಮ್ಮೆ ಹುಡುಕಿ ಬಂದವರು, ರಾತ್ರಿ ಮಲಗುವ ಮುನ್ನ ಸಿಕ್ಕಳಾ ಎಂದು ಮೊಬೈಲ್ ನೋಡಿದವರು, ಎಲ್ಲರೂ ಆ ಮನೆಯವರ ಕಾಯುವಿಕೆಯಲ್ಲಿ ಒಂದು ಪಾಲು ಹೊತ್ತಿರುತ್ತಾರೆ. ಕೆಟ್ಟ ಸುದ್ದಿ ಬಂದಾಗ ಅವರಿಗೆ ಆಗುವುದು ಸ್ವಂತ ನಷ್ಟವೇ. ಬದುಕಿ ಬರಲಿ ಎಂದು ಅವರೂ ಬಯಸಿದ್ದರು, ಅವರ ಬಯಕೆಯೂ ಸತ್ತಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಪೌಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನಚಾಲಕರ ಕುಟುಂಬಗಳನ್ನು ಅಧ್ಯಯನ ಮಾಡಿದವರು. ಸತ್ತರೋ ಬದುಕಿದ್ದಾರೋ ತಿಳಿಯದ ಸ್ಥಿತಿ ಮನಸ್ಸನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ, ಅಳಲೂ ಬಿಡದೆ ಮುಂದಕ್ಕೆ ಹೋಗಲೂ ಬಿಡದೆ ಹೇಗೆ ಕಾಡುತ್ತದೆ ಎಂಬುದನ್ನು ಅವರು ವಿವರಿಸಿದರು. ಮನೆಯವರಿಗೆ ಅದು ವರ್ಷಗಳ ನರಕ. ಅಪರಿಚಿತರಿಗೆ ನಾಲ್ಕಾರು ದಿನ, ಅದೂ ತೀರ ತೆಳುವಾಗಿ. ಆ ತೆಳು ಅನುಭವವೇ ಜನರನ್ನು ಬೀದಿಗೆ ಕರೆತರುವಷ್ಟು ಬಲವಾಗಿರುತ್ತದೆ.

ಆಕ್ಲೆಂಡಿನಲ್ಲಿ ಇನ್ನೊಂದು ಸಂಗತಿಯೂ ಕೆಲಸ ಮಾಡಿತು. ಗ್ರೇಸ್ ಅತಿಥಿ. ಮನೆಗೆ ಬಂದ ಪರವೂರ ಮಗುವಿಗೆ ನಮ್ಮ ಹೊಸ್ತಿಲೊಳಗೆ ಕೇಡಾಯಿತಲ್ಲ ಎಂಬ ನಾಚಿಕೆ ಅಲ್ಲಿನವರ ಮಾತಿನಲ್ಲೆಲ್ಲ ಇತ್ತು. ಪ್ರಧಾನಿಯ ಕ್ಷಮೆ ಆ ನಾಚಿಕೆಗೆ ದನಿ ಕೊಟ್ಟಿತು. ನ್ಯೂಜಿಲೆಂಡಿಗರು ತಮ್ಮ ದೇಶ ಒಂಟಿ ಪ್ರವಾಸಿಗರಿಗೆ ಸುರಕ್ಷಿತ ಎಂದು ಹೆಮ್ಮೆಪಡುವವರು. ಅವರ ಮಕ್ಕಳೂ ಓದು ಮುಗಿಸಿದ ಕೂಡಲೇ ಹೀಗೆಯೇ ಬ್ಯಾಗ್ ಏರಿಸಿಕೊಂಡು ಲಂಡನ್ನಿಗೋ ಯುರೋಪಿಗೋ ಹೊರಡುತ್ತಾರೆ. ಇದೇ ವಯಸ್ಸಿನ ಮಗಳು ದೂರದಲ್ಲಿರುವ ಎಷ್ಟು ತಾಯಂದಿರು ಆ ವಾರ ಫೋನ್ ಎತ್ತಿಕೊಂಡಿರಬೇಕು! ಗ್ರೇಸ್‌ಳ ಕುಟುಂಬ ಮಾತ್ರ ನ್ಯೂಜಿಲೆಂಡಿನ ಮೇಲೆ ಮುನಿಯಲಿಲ್ಲ. ಅಲ್ಲಿನ ಜನ ತಮಗೆ ತೋರಿದ ಪ್ರೀತಿಗೆ ಧನ್ಯವಾದ ಹೇಳಿ, ಮಗಳಿಗೆ ಆದದ್ದನ್ನು ಕಂಡು ಒಬ್ಬರೂ ಲೋಕ ಸುತ್ತುವುದನ್ನು ನಿಲ್ಲಿಸದಿರಲಿ ಎಂದು ಹಾರೈಸಿತು. ಅಂಥ ಹೊತ್ತಿನಲ್ಲಿ ಆ ಮಾತು ಆಡಲು ಎಂಥ ಎದೆ ಬೇಕು.

ಅದಕ್ಕೂ ಆರು ವರ್ಷ ಹಿಂದೆ ಟ್ಯಾಸ್ಮನ್ ಸಮುದ್ರದ ಆಚೆ ದಡದಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಇದೇ ಬಗೆಯ ದುಃಖ ಬೇರೆ ಬಣ್ಣ ತಳೆದಿತ್ತು. ಐರ್ಲೆಂಡ್ ಮೂಲದ ಜಿಲ್ ಮಾಹರ್, ವಯಸ್ಸು 29, ಆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಉದ್ಯೋಗಿ. 2012ರ ಸೆಪ್ಟೆಂಬರ್ 22ರ ನಸುಕಿನಲ್ಲಿ ಸಹೋದ್ಯೋಗಿಗಳ ಜತೆ ಸಮಯ ಕಳೆದು ಬ್ರನ್ಸ್‌ವಿಕ್ ಬಡಾವಣೆಯ ಮನೆಗೆ ನಡೆದು ಹೊರಟವಳು ತಲುಪಲಿಲ್ಲ. ಮದುವೆ ಉಡುಪಿನ ಅಂಗಡಿಯೊಂದರ ಕ್ಯಾಮೆರಾದಲ್ಲಿ ಸೆರೆಯಾದ ಕೆಲವು ಕ್ಷಣಗಳ ದೃಶ್ಯ ಊರೆಲ್ಲ ಹರಿದಾಡಿತು. ಆರು ದಿನಗಳ ಬಳಿಕ ಆಕೆಯ ದೇಹ ಪತ್ತೆಯಾಯಿತು. ಸೆಪ್ಟೆಂಬರ್ 30ರ ಭಾನುವಾರ ಸಿಡ್ನಿ ರೋಡ್ ಎಂಬ ಬೀದಿಯಲ್ಲಿ ಜನ ನಡೆದರು, ಸುಮಾರು 30,000 ಎಂದು ಅಂದಾಜು. ಆ ರಾತ್ರಿ ಆಕೆ ಒಬ್ಬಳೇ ನಡೆದಿದ್ದ ಬೀದಿ ಅದು.

ಕೊಂದವನು ಹಿಂದೆಯೂ ಅತ್ಯಾಚಾರಗಳಿಗಾಗಿ ಜೈಲು ಕಂಡಿದ್ದು, ಆಗ ಪರೋಲ್ ಮೇಲೆ ಹೊರಗಿದ್ದ ಎಂಬುದು ಬಯಲಾದಾಗ ದುಃಖ ಸಿಟ್ಟಾಯಿತು. ವಿಕ್ಟೋರಿಯಾ ರಾಜ್ಯ ಪರೋಲ್ ವ್ಯವಸ್ಥೆಯ ಪರಿಶೀಲನೆಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿತು, ನಿಯಮಗಳು ಬಿಗಿಯಾದವು. ಆದರೆ ಇಡೀ ಪ್ರಕರಣದಲ್ಲಿ ಮನಸ್ಸಿಗೆ ನಾಟುವುದು ಜಿಲ್‌ಳ ಪತಿ 2014ರಲ್ಲಿ ಬರೆದ ಒಂದು ಪ್ರಬಂಧ. ಕೊಲೆಗಾರನನ್ನು ಎಲ್ಲರೂ ರಾಕ್ಷಸ ಎನ್ನುತ್ತಾರೆ, ತಾನೂ ಹಾಗೆಯೇ ನಂಬಲು ಬಯಸಿದ್ದೆ, ಆದರೆ ನ್ಯಾಯಾಲಯದಲ್ಲಿ ಅವನು ಸಾಮಾನ್ಯ ಮನುಷ್ಯನಂತೆ ಮಾತಾಡುವುದನ್ನು ಕೇಳಿದಾಗ ಆ ನಂಬಿಕೆ ಕುಸಿಯಿತು ಎಂದು ಅವರು ಬರೆದರು. ರಾಕ್ಷಸ ಎಂದು ಬೇರೆ ಇಟ್ಟರೆ ನಮ್ಮ ಮನೆ, ಕಚೇರಿ, ಗೆಳೆಯರ ನಡುವಿನ ಹಿಂಸೆ ಕಣ್ತಪ್ಪುತ್ತದೆ ಎಂಬುದು ಅವರ ವಾದ. ಹೆಂಡತಿಯನ್ನು ಹಾಗೆ ಕಳೆದುಕೊಂಡ ಗಂಡಸೊಬ್ಬ ಉಳಿದ ಗಂಡಸರಿಗೆ ಇದನ್ನು ಹೇಳಿದರೆ ಕೇಳದೆ ಇರುವುದು ಕಷ್ಟ.

ಇಂಥ ಸಾರ್ವಜನಿಕ ಅಳುವನ್ನು ಹಗುರವಾಗಿ ಕಾಣುವವರೂ ಇದ್ದಾರೆ. ಸತ್ತವರು ಯಾರೋ, ಅಳುವವರು ಯಾರೋ, ಎರಡು ದಿನ ಮೇಣದಬತ್ತಿ ಹಚ್ಚಿ ಮರೆತುಬಿಡುತ್ತಾರೆ ಎನ್ನುತ್ತಾರೆ. ಮರೆಯುವುದು ನಿಜ. ಆದರೆ ಆ ಕಾರಣಕ್ಕೆ ಅತ್ತದ್ದು ಸುಳ್ಳಾಗುವುದಿಲ್ಲ. ಕೆನ್ನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1980ರ ದಶಕದ ಕೊನೆಯಲ್ಲಿ, ಸಮಾಜ ಮಾನ್ಯ ಮಾಡದ ದುಃಖವೂ ಇದೆ ಎಂದು ಗುರುತಿಸಿದರು. ಅಳುವ ಅಧಿಕಾರ ನಿನಗಿಲ್ಲ ಎಂದು ಸುತ್ತಲಿನವರು ಹೇಳಿದಾಗ ದುಃಖ ಹೋಗುವುದಿಲ್ಲ, ಒಳಗೇ ಉಳಿಯುತ್ತದೆ. ಹೂ ಇಡಲು ಬಂದ ಹೆಂಗಸರಲ್ಲಿ ಎಷ್ಟೋ ಮಂದಿ ತಮ್ಮದೇ ಹಳೆಯ ಭಯವನ್ನೂ ಹೊತ್ತು ಬಂದಿರುತ್ತಾರೆ. ಕತ್ತಲಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿ ನಡಿಗೆ ಬಿರುಸು ಮಾಡಿದ್ದು, ಮನೆ ತಲುಪಿದ ಕೂಡಲೇ ಮೆಸೇಜು ಹಾಕು ಎಂದು ಗೆಳತಿಗೆ ಹೇಳಿದ್ದು ಯಾರಿಗೆ ನೆನಪಿಲ್ಲ? ನಾನೂ ಆಗಬಹುದಿತ್ತು ಎಂಬ ಅರಿವಿನಿಂದ ಹುಟ್ಟಿದ ಅಳು ಅದು.

ಕನ್ನಡಿಗರಿಗೆ ಇದು ಅಷ್ಟೇನೂ ದೂರದ ಮಾತಲ್ಲ. 2015ರ ಮಾರ್ಚ್ 7ರ ರಾತ್ರಿ ಸಿಡ್ನಿಯ ಪ್ಯಾರಾಮಟ್ಟಾ ಪಾರ್ಕ್ ಹಾದು ಮನೆಗೆ ನಡೆಯುತ್ತಿದ್ದ ದಕ್ಷಿಣ ಕನ್ನಡ ಮೂಲದ ಐಟಿ ಉದ್ಯೋಗಿಯೊಬ್ಬರನ್ನು ಇರಿದು ಕೊಲ್ಲಲಾಯಿತು. ಆ ಹೊತ್ತಿಗೆ ಅವರು ಬೆಂಗಳೂರಿನಲ್ಲಿದ್ದ ಪತಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಅವರನ್ನು ಹುಡುಕಬೇಕಾಗಲಿಲ್ಲ, ಆ ನೆರವಿಲ್ಲದ ಕ್ಷಣಗಳನ್ನು ಪತಿ ಸಾವಿರಾರು ಮೈಲಿ ದೂರದಿಂದ ಕಿವಿಯಾರೆ ಕೇಳಿದರು. ಪಾರ್ಕಿನ ಆ ಕಾಲುದಾರಿಯಲ್ಲಿ ದೀಪ ಹಚ್ಚಲು ಬಂದವರಲ್ಲಿ ಭಾರತೀಯರೂ ಇದ್ದರು, ಆಕೆಯ ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದ ಆಸ್ಟ್ರೇಲಿಯನ್ನರೂ ಇದ್ದರು.

ಅಪರಿಚಿತರ ಆಸಕ್ತಿ ಗಾಯ ಮಾಡಬಲ್ಲದು ಎಂಬುದನ್ನೂ ಹೇಳಲೇಬೇಕು. 2019ರ ನವೆಂಬರಿನಲ್ಲಿ ಆಕ್ಲೆಂಡ್ ಹೈಕೋರ್ಟಿನಲ್ಲಿ ವಿಚಾರಣೆ ನಡೆದಾಗ, ಎಲ್ಲವೂ ಗ್ರೇಸ್‌ಳ ಸಮ್ಮತಿಯಿಂದಲೇ ನಡೆದ ಲೈಂಗಿಕ ಕ್ರಿಯೆಯಲ್ಲಿ ಆದ ಆಕಸ್ಮಿಕ ಎಂದು ಆರೋಪಿಯ ವಕೀಲರು ವಾದಿಸಿದರು. ಉತ್ತರ ಕೊಡಲು ಬದುಕಿಲ್ಲದ ಹುಡುಗಿಯ ಖಾಸಗಿ ಬದುಕು ತೆರೆದ ನ್ಯಾಯಾಲಯದಲ್ಲಿ, ಅಲ್ಲಿಂದ ಜಗತ್ತಿನ ಪತ್ರಿಕೆಗಳ ತಲೆಬರಹಗಳಲ್ಲಿ ಹರಡಿತು. ತಂದೆತಾಯಿ ಅಲ್ಲೇ ಕೂತು ಎಲ್ಲವನ್ನೂ ಕೇಳಬೇಕಾಯಿತು. ಒಂದು ವರ್ಷ ಹಿಂದೆ ಮಗಳ ಫೋಟೊ ಹಂಚಿಕೊಂಡು ಮರುಗಿದ್ದವರಲ್ಲೇ ಕೆಲವರು ಈಗ ಅವಳ ನಡತೆಯ ಬಗ್ಗೆ ತೀರ್ಪು ಕೊಡಲು ಕೂತಿರಲಿಕ್ಕೂ ಸಾಕು. ಜ್ಯೂರಿ ಮಾತ್ರ ಆ ವಾದವನ್ನು ಒಪ್ಪಲಿಲ್ಲ. ಅಪರಾಧಿಗೆ 2020ರ ಫೆಬ್ರುವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು, ಕನಿಷ್ಠ 17 ವರ್ಷ ಪರೋಲ್ ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ಗ್ರೇಸ್‌ಳ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು.

ಬ್ರಿಟನ್ನಿನಲ್ಲಿ ಆ ವಾದದ ವಿರುದ್ಧ ಅದಾಗಲೇ ಚಳವಳಿ ನಡೆದಿತ್ತು, ಗ್ರೇಸ್ ಪ್ರಕರಣ ಅದಕ್ಕೆ ದೊಡ್ಡ ಬಲ ಕೊಟ್ಟಿತು. ಲೈಂಗಿಕ ತೃಪ್ತಿಗಾಗಿ ಗಂಭೀರ ಗಾಯಕ್ಕೆ ಸಮ್ಮತಿ ಇತ್ತು ಎಂಬ ಸಮರ್ಥನೆ ನಡೆಯದು ಎಂದು 2021ರ ಗೃಹಹಿಂಸೆ ಕಾಯ್ದೆಯ 71ನೇ ಕಲಮಿನಲ್ಲಿ ಬರೆಯಲಾಯಿತು. ತಾಯಿ ಹಿಡಿದ ದಾರಿ ಇನ್ನೂ ನೇರವಾದದ್ದು. ಗ್ರೇಸ್‌ಗೆ ಕೈಚೀಲಗಳೆಂದರೆ ಆಸೆ. ಹಾಗಾಗಿ ಆಕೆಯ ಹೆಸರಿನಲ್ಲಿ ತಾಯಿ ಮತ್ತು ಬಂಧುಗಳು ಹ್ಯಾಂಡ್‌ಬ್ಯಾಗ್ ಸಂಗ್ರಹಿಸತೊಡಗಿದರು. ಜನ ಕೊಟ್ಟ ಬ್ಯಾಗುಗಳಲ್ಲಿ ಟೂತ್‌ಬ್ರಷ್, ಪೇಸ್ಟ್, ಸೋಪು, ಶಾಂಪೂವಿನಂಥ ದಿನಬಳಕೆಯ ಸಾಮಾನು ತುಂಬಿ, ಗಂಡನ ಹೊಡೆತ ತಾಳದೆ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಆಶ್ರಯಧಾಮ ಸೇರಿದ ಹೆಂಗಸರಿಗೆ ಕೊಡುತ್ತಾರೆ. ಎಲ್ಲವನ್ನೂ ಬಿಟ್ಟು ಬಂದ ರಾತ್ರಿ ಹಲ್ಲುಜ್ಜಲು ಒಂದು ಬ್ರಷ್ ಕೂಡ ಇರುವುದಿಲ್ಲ ಎಂಬುದು ಹೊರಗಿನವರಿಗೆ ಸುಲಭವಾಗಿ ಹೊಳೆಯುವ ವಿಷಯವಲ್ಲ. ಬೀದಿಯಲ್ಲಿ ಹೂ ಇಟ್ಟು ಹೋದ ಅಪರಿಚಿತರಿಗೆ ಆ ತಾಯಿ, ನಿಮ್ಮ ಮರುಕವನ್ನು ಇದರೊಳಗೆ ಹಾಕಿ ಎಂದು ಚೀಲದ ಬಾಯಿ ತೆರೆದು ಹಿಡಿದರು.

ಕೆಲವೊಮ್ಮೆ ಅಳುವುದಕ್ಕೂ ಹೋರಾಡಬೇಕಾಗುತ್ತದೆ. 2021ರ ಮಾರ್ಚ್ 3ರ ರಾತ್ರಿ ಲಂಡನ್ನಿನ ಕ್ಲ್ಯಾಪಮ್‌ನಿಂದ ಬ್ರಿಕ್ಸ್‌ಟನ್ ಕಡೆಗೆ ನಡೆದು ಹೊರಟ 33ರ ಸಾರಾ ಎವರಾರ್ಡ್ ಕಾಣೆಯಾದರು. ವಾರದ ಬಳಿಕ ಕೆಂಟ್ ಪ್ರಾಂತ್ಯದ ಕಾಡಿನಲ್ಲಿ ದೇಹ ಸಿಕ್ಕಿತು. ಬಂಧಿತನಾದವನು ಸೇವೆಯಲ್ಲಿದ್ದ ಪೊಲೀಸ್. ಕೋವಿಡ್ ನಿಯಮ ಮುರಿದಿದ್ದೀರಿ ಎಂದು ತನ್ನ ಅಧಿಕಾರ ಬಳಸಿಯೇ ಆಕೆಯನ್ನು ಕಾರಿಗೆ ಹತ್ತಿಸಿಕೊಂಡಿದ್ದ. ಕ್ಲ್ಯಾಪಮ್ ಮೈದಾನದಲ್ಲಿ ಮಾರ್ಚ್ 13ರಂದು ಶೋಕಸಭೆ ನಡೆಸಲು ಮುಂದಾದ ಹೆಂಗಸರಿಗೆ ಅದೇ ಪೊಲೀಸ್ ಇಲಾಖೆ ಕೋವಿಡ್ ನಿಯಮ ತೋರಿಸಿ ಅಡ್ಡಬಂದಿತು, ತಲಾ 10,000 ಪೌಂಡ್ ದಂಡದ ಎಚ್ಚರಿಕೆಯೂ ಬಂತು. ಅಧಿಕೃತ ಸಭೆ ರದ್ದಾಯಿತು, ಜನ ಬಂದೇ ಬಂದರು. ಸಂಜೆಗತ್ತಲಲ್ಲಿ ಪೊಲೀಸರು ಹೆಂಗಸೊಬ್ಬಳನ್ನು ನೆಲಕ್ಕೆ ಒತ್ತಿ ಹಿಡಿದ ಚಿತ್ರ ಮರುದಿನದ ಪತ್ರಿಕೆಗಳಲ್ಲಿ ಬಂತು. ಒಂದು ವರ್ಷದ ಬಳಿಕ, 2022ರ ಮಾರ್ಚಿನಲ್ಲಿ, ಸಭೆಯ ಸಂಘಟಕರ ಹಕ್ಕುಗಳನ್ನು ಪೊಲೀಸರು ಉಲ್ಲಂಘಿಸಿದ್ದರು ಎಂದು ಹೈಕೋರ್ಟ್ ತೀರ್ಪು ಕೊಟ್ಟಿತು.

ಇದೇ ಲಂಡನ್ನಿನಲ್ಲಿ, ಸಾರಾ ಪ್ರಕರಣಕ್ಕೆ ಒಂಬತ್ತು ತಿಂಗಳು ಮೊದಲು, 2020ರ ಜೂನ್‌ನಲ್ಲಿ, ಬೀಬಾ ಹೆನ್ರಿ ಮತ್ತು ನಿಕೋಲ್ ಸ್ಮಾಲ್‌ಮನ್ ಎಂಬ ಅಕ್ಕತಂಗಿಯರು ವೆಂಬ್ಲಿಯ ಪಾರ್ಕೊಂದರಲ್ಲಿ ಹುಟ್ಟುಹಬ್ಬ ಆಚರಿಸಲು ಹೋಗಿ ಮನೆಗೆ ಮರಳಲಿಲ್ಲ. ಅವರು ಕಪ್ಪುವರ್ಣೀಯರು. ಪೊಲೀಸರು ತಕ್ಷಣ ಹುಡುಕಲು ಹೊರಡಲಿಲ್ಲ. ಮನೆಯವರು, ಗೆಳೆಯರು ತಾವೇ ಹೋಗಿ ಹುಡುಕಿದರು, ದೇಹಗಳನ್ನು ಕಂಡದ್ದೂ ಅವರ ಆಪ್ತರೇ. ಜಾಗ ಕಾಯಲು ನಿಂತ ಇಬ್ಬರು ಕಾನ್‌ಸ್ಟೆಬಲ್‌ಗಳು ಶವಗಳ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡರು. ಅದಕ್ಕಾಗಿ ಅವರು ಜೈಲಿಗೂ ಹೋದರು. ಸಾರಾಗೆ ಸಿಕ್ಕ ಮರುಕ ತನ್ನ ಹೆಣ್ಣುಮಕ್ಕಳಿಗೆ ಸಿಗಲಿಲ್ಲ ಎಂದು ತಾಯಿ ಮೀನಾ ಸ್ಮಾಲ್‌ಮನ್ ಬಹಿರಂಗವಾಗಿ ಹೇಳಿದರು. ಸಾರಾಳ ಸಾವಿನ ನೋವನ್ನು ಕಡಿಮೆ ಮಾಡದೆಯೇ ಹೇಳಿದರು.

ಈ ತಾರತಮ್ಯವನ್ನು ಅಮೆರಿಕದ ಪತ್ರಕರ್ತೆ ಗ್ವೆನ್ ಐಫಿಲ್ 2004ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದರು: ಕಾಣೆಯಾದವಳು ಬಿಳಿಯ ಹುಡುಗಿಯಾದರೆ ಮಾಧ್ಯಮ ಬಿಡದೆ ಬೆನ್ನು ಹತ್ತುತ್ತದೆ. 2021ರ ಸೆಪ್ಟೆಂಬರಿನಲ್ಲಿ 22ರ ಗ್ಯಾಬಿ ಪೆಟಿಟೋ ಎಂಬ ಯುವತಿಯ ಹುಡುಕಾಟವನ್ನು ಇಡೀ ಅಮೆರಿಕ ಉಸಿರು ಬಿಗಿಹಿಡಿದು ನೋಡಿತು. ಆಕೆಯ ದೇಹ ಸಿಕ್ಕ ವಯೋಮಿಂಗ್ ರಾಜ್ಯದಲ್ಲೇ 2011ರಿಂದ 2020ರವರೆಗೆ 710 ಮೂಲನಿವಾಸಿಗಳು ಕಾಣೆಯಾದ ದೂರುಗಳಿದ್ದವು ಎಂಬ ವರದಿ ಅದೇ ವರ್ಷದ ಜನವರಿಯಲ್ಲಿ ಬಂದಿತ್ತು. ಅದರಲ್ಲಿ ಬಹುಪಾಲು ಮಕ್ಕಳು. ಅವರ ಮುಖಗಳನ್ನು ದೇಶ ನೋಡಿರಲಿಲ್ಲ. ಕಾಣೆಯಾದ ಪ್ರತಿಯೊಬ್ಬರಿಗೂ ಇಷ್ಟೇ ಗಮನ ಕೊಡಿ ಎಂದು ಗ್ಯಾಬಿಯ ತಂದೆ ಮಾಧ್ಯಮಗಳ ಎದುರೇ ಕೇಳಿಕೊಂಡರು.

ಭಾರತದಲ್ಲಿ ಈ ತಾರತಮ್ಯಕ್ಕೆ ಬಣ್ಣಕ್ಕಿಂತ ಬಡತನ ಕಾರಣ. ದಿಲ್ಲಿ ಪಕ್ಕದ ನೋಯ್ಡಾದ ನಿಠಾರಿಯಲ್ಲಿ ಕೂಲಿಕಾರರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ ಹೆತ್ತವರು ಠಾಣೆಗೆ ಅಲೆದರು. ಎಲ್ಲಿಗೋ ಓಡಿಹೋಗಿರಬೇಕು ಎಂದು ಅವರನ್ನು ಸಾಗಹಾಕಲಾಯಿತು. 2006ರ ಡಿಸೆಂಬರ್ 29ರಂದು ಮನೆಯೊಂದರ ಹಿಂದಿನ ಚರಂಡಿಯಲ್ಲಿ ಎಲುಬುಗಳು ಸಿಕ್ಕ ಮೇಲೆ ದೇಶವೆಲ್ಲ ಅಲ್ಲಿಗೆ ಕ್ಯಾಮೆರಾ ಹಿಡಿದು ಓಡಿತು. ಹುಡುಕುವ ದಿನಗಳಲ್ಲಿ ಜತೆಗಿರದಿದ್ದ ಅಪರಿಚಿತರು ಎಣಿಸುವ ಹೊತ್ತಿಗೆ ಬಂದರು. 2023ರಲ್ಲಿ ಅಲಹಾಬಾದ್ ಹೈಕೋರ್ಟ್ ತನಿಖೆಯ ಲೋಪಗಳನ್ನು ಕಟುವಾಗಿ ಎತ್ತಿ ತೋರಿಸಿ, ಮರಣದಂಡನೆಗೆ ಗುರಿಯಾಗಿದ್ದ ಆರೋಪಿಗಳನ್ನು ಹಲವು ಪ್ರಕರಣಗಳಲ್ಲಿ ಖುಲಾಸೆ ಮಾಡಿತು. ಮೊದಲ ದೂರನ್ನೇ ಸರಿಯಾಗಿ ಬರೆದುಕೊಂಡಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ.

ಮಕ್ಕಳ ಹಕ್ಕುಗಳ ಸಂಘಟನೆ ಬಚ್‌ಪನ್ ಬಚಾವೋ ಆಂದೋಲನ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಒಂದು ಆದೇಶ ಕೊಟ್ಟಿತು. ಮಗು ಕಾಣೆಯಾಗಿದೆ ಎಂಬ ಪ್ರತಿ ದೂರಿಗೂ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು, ಬೇರೆ ಕಾರಣ ಸಾಬೀತಾಗುವವರೆಗೆ ಅಪಹರಣ ಅಥವಾ ಮಾನವ ಸಾಗಣೆ ಎಂದೇ ಭಾವಿಸಿ ತನಿಖೆ ಮಾಡಬೇಕು, ನಾಲ್ಕು ತಿಂಗಳಲ್ಲಿ ಮಗು ಸಿಗದಿದ್ದರೆ ಪ್ರಕರಣವನ್ನು ಮಾನವ ಸಾಗಣೆ ತಡೆ ಘಟಕಕ್ಕೆ ಒಪ್ಪಿಸಬೇಕು. ಓಡಿಹೋಗಿರಬೇಕು, ನಾಲ್ಕು ದಿನ ಕಾದು ನೋಡಿ ಎಂದು ಠಾಣೆಯ ಬಾಗಿಲಲ್ಲೇ ಹೇಳಿ ಕಳಿಸುವ ಅಧಿಕಾರ ಈಗ ಯಾವ ಪೊಲೀಸರಿಗೂ ಇಲ್ಲ. ಇದು ಗೊತ್ತಿರುವ ನೆರೆಯವರೊಬ್ಬರು ಮಗು ಕಾಣೆಯಾದ ತಾಯಿಯ ಜತೆ ಮೊದಲ ದಿನವೇ ಠಾಣೆಗೆ ಹೋಗಬಹುದು, ಎಫ್‌ಐಆರ್‌ನ ಪ್ರತಿ ಕೇಳಿ ಪಡೆಯಬಹುದು.